ಪ್ರಗತಿ ಪತ್ರಕ್ಕೆ ಸಹಿ ಬಂದರೆ ಸಾಲದು

ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಎಂಟು, ಒಂಬತ್ತನೇ ತರಗತಿಯ ಪ್ರಗತಿ ಪತ್ರದಲ್ಲಿ ಪೋಷಕರು ಮೊದಲು ನೋಡುವುದು ಗ್ರೇಡನ್ನು. ನಮ್ಮ ಮೌಲ್ಯಮಾಪನದಲ್ಲಿ 90ರ ಮೇಲೆ ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ 49ರವರೆಗೆ ಬಿ. ಮನೆಯವರು ‘ಬಿ’ ಕಂಡ ಕೂಡಲೇ ‘ಎ ಬಿಟ್ಟರೆ ಬಿ, ಪರವಾಗಿಲ್ಲ’ ಅಂದುಕೊಂಡು ಸಹಿ ಹಾಕಿ ಕಳಿಸುತ್ತಾರೆ. ಆದರೆ ಎಲ್ಲಾ ವಿಷಯದಲ್ಲೂ ಅದೇ 30 ಅಂಕ ಬಂದರೆ ಹತ್ತನೇ ತರಗತಿಯಲ್ಲಿ ಪಾಸಿಗೂ ಸಾಲುವುದಿಲ್ಲ. ಅದಕ್ಕೇ ನಾನು ಗ್ರೇಡಿನ ಪಕ್ಕದಲ್ಲಿ ಪೆನ್ನಿನಿಂದ ಅಂಕವನ್ನೂ ಬರೆಯುತ್ತೇನೆ, ಅದರ ಕೆಳಗೆ ಮೂರು ಸಾಲು ಸೇರಿಸುತ್ತೇನೆ: ಏನು ಬರುತ್ತದೆ, ಏನು ಬರುವುದಿಲ್ಲ, ಮನೆಯಲ್ಲಿ ಏನು ಮಾಡಬೇಕು.

ಮೂರನೇ ಸಾಲಿಗೇ ಹೆಚ್ಚು ಯೋಚನೆ ಬೇಕು. ‘ಮನೆಯಲ್ಲಿ ಓದಿಸಿ’ ಅಂತ ಬರೆದರೆ, ತಾವೇ ಶಾಲೆ ಮೆಟ್ಟಿಲು ಹತ್ತದ ಅಪ್ಪ-ಅಮ್ಮ ಏನು ಮಾಡಿಯಾರು? ಹಾಗಾಗಿ ‘ರಾತ್ರಿ ಊಟಕ್ಕೆ ಮುಂಚೆ ಎರಡು ಲೆಕ್ಕ ಮಾಡಿಸಿ, ನೋಟ್‌ಬುಕ್ಕಿನಲ್ಲಿ ಆ ದಿನದ ತಾರೀಕು ಇದೆಯಾ ನೋಡಿ’ ಅಂತ ಬರೆಯುತ್ತೇನೆ. ಲೆಕ್ಕ ಸರಿಯೋ ತಪ್ಪೋ ನೋಡುವುದು ನನ್ನ ಕೆಲಸ. ತಾರೀಕು ನೋಡುವುದು ಯಾರಿಗಾದರೂ ಆಗುತ್ತದೆ.

ಮೊದಲ ಸಂಕಲನಾತ್ಮಕ ಪರೀಕ್ಷೆ, ಅಂದರೆ ಎಸ್‌ಎ-1 ಮುಗಿದು ದಸರಾ ರಜೆ ಕಳೆದ ಮೇಲೆ ಉತ್ತರ ಪತ್ರಿಕೆ ತೋರಿಸುವ ಸಭೆ ಇಡುತ್ತೇವೆ. ಅಲ್ಲಿ ಹುಡುಗ ಅಥವಾ ಹುಡುಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಮೊದಲು ಅವರಿಂದಲೇ ಹೇಳಿಸುತ್ತೇನೆ. ಒಬ್ಬ ಹುಡುಗನಿಗೆ 40ಕ್ಕೆ 14 ಬಂದಿತ್ತು. ಬೀಜಗಣಿತದ ಲೆಕ್ಕಗಳಲ್ಲಿ ಅವನ ದಾರಿ ಸರಿಯೇ ಇತ್ತು. ಆವರಣ ಬಿಡಿಸುವಾಗ ಮಾತ್ರ ಪ್ರತಿ ಸಲವೂ ಋಣ ಚಿಹ್ನೆ ಕೈತಪ್ಪುತ್ತಿತ್ತು: ಋಣ 3ರಿಂದ ಋಣ 4ನ್ನು ಗುಣಿಸಿ ಋಣ 12 ಬರೆಯುತ್ತಿದ್ದ. ಅವನಮ್ಮನಿಗೆ ಲೆಕ್ಕ ಗೊತ್ತಿಲ್ಲ. ಆದರೂ ಹಾಳೆ ತಿರುಗಿಸುತ್ತಾ ಕೆಂಪು ಗುರುತಿನ ಮೇಲೆ ಬೆರಳಿಟ್ಟು, “ಎಲ್ಲಾ ಕಡೆ ಇಲ್ಲೇ ತಪ್ಪಿದ್ದಲ್ದ ಮೇಷ್ಟ್ರೆ? ಹಂಗಾರೆ ಇವ್ನಿಗೆ ಬರೂದೇ ಇಲ್ಲ ಅಂತಲ್ಲ” ಅಂದರು. ಅಷ್ಟು ಹೊತ್ತು ತಲೆ ಬಗ್ಗಿಸಿ ಕೂತಿದ್ದ ಹುಡುಗ ಆಗ ಪೆನ್ನು ಕೇಳಿದ. ಅದೇ ಲೆಕ್ಕವನ್ನು ಅಮ್ಮನೆದುರೇ ಮತ್ತೆ ಮಾಡಿದ. 14 ಅನ್ನುವ ಅಂಕವೊಂದನ್ನೇ ಮನೆಗೆ ಕಳಿಸಿದ್ದರೆ ಅವನಿಗೆ ಬೈಗುಳ ಸಿಗುತ್ತಿತ್ತು, ತಪ್ಪು ಎಲ್ಲಿದೆ ಅಂತ ಯಾರಿಗೂ ತಿಳಿಯುತ್ತಿರಲಿಲ್ಲ.

ಸಭೆಗೆ ಎಲ್ಲರೂ ಬರುವುದಿಲ್ಲ. ಬರಲಿಲ್ಲ ಅಂದ ಮಾತ್ರಕ್ಕೆ ಮಕ್ಕಳ ಮೇಲೆ ಕಾಳಜಿಯಿಲ್ಲ ಅಂತ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಡಿಕೆ ಕೊಯ್ಲು ಶುರುವಾದರೆ ಹಗಲು ತೋಟ, ರಾತ್ರಿ ಸುಲಿತ. ಹನ್ನೊಂದು ಗಂಟೆಯ ಸಭೆಗೆ ಬಂದರೆ ಅವತ್ತಿನ ಕೂಲಿ ಹೋಯಿತು, ಬಸ್ಸು ತಪ್ಪಿದರೆ ಸಂಜೆಯವರೆಗೂ ಕಾಯಬೇಕು. ಅಂಥವರಿಗೆ ವಾಟ್ಸ್ಆ್ಯಪ್‌ನಲ್ಲಿ ಅವರವರ ಮಗುವಿನ ಬಗ್ಗೆ ಮಾತ್ರ ಒಂದು ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಒಂದು ನಿಮಿಷ ಮೀರಿಸುವುದಿಲ್ಲ. ಕಣಿವೆಯ ಮನೆಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಗುಡ್ಡ ಹತ್ತಿದಾಗಲೋ ಪೇಟೆಗೆ ಬಂದಾಗಲೋ ಅದು ತಾನಾಗಿ ಬಂದು ಬೀಳುತ್ತದೆ. ಓದಲು ಬಾರದವರೂ ಕೇಳುತ್ತಾರೆ, ಸುಲಿಯುತ್ತಾ ಕೂತಲ್ಲೇ ಎರಡು ಸಲ ಹಾಕಿಸಿಕೊಂಡು ಕೇಳುತ್ತಾರೆ. ಫೋನೇ ಇಲ್ಲದ ಮನೆಗೆ ಚೀಟಿ ಕಳಿಸುತ್ತೇನೆ.

ಇಡೀ ತರಗತಿಯ ಅಂಕಪಟ್ಟಿಯನ್ನು ಗ್ರೂಪಿಗೆ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ನಾನು ಅದನ್ನು ಖಂಡಿತ ಮಾಡುವುದಿಲ್ಲ. ಕೊನೆಯಲ್ಲಿ ಹೆಸರಿರುವ ಮಗುವಿಗೆ ಮರುದಿನ ಶಾಲೆಗೆ ಬರಲು ಯಾವ ಮುಖ ಉಳಿಯುತ್ತದೆ?

ಹತ್ತನೇ ತರಗತಿಯವರ ವಿಷಯದಲ್ಲಿ ಹೊತ್ತೇ ಮುಖ್ಯ. ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ ‘ನಿಮ್ಮ ಮಗಳು ಗಣಿತದಲ್ಲಿ ಹಿಂದಿದ್ದಾಳೆ’ ಅಂದರೆ ಅವರಾದರೂ ಏನು ಮಾಡಬೇಕು? ನವೆಂಬರಿನಲ್ಲೇ ಹೇಳಿಬಿಡುತ್ತೇನೆ. ಆಗಲೇ ಲೆಕ್ಕಾಚಾರವನ್ನೂ ಬಿಡಿಸಿ ಹೇಳುತ್ತೇನೆ: ಒಟ್ಟು 625, ಪ್ರಥಮ ಭಾಷೆಗೆ 100ರ ಲಿಖಿತ ಪರೀಕ್ಷೆ ಮತ್ತು 25 ಆಂತರಿಕ ಅಂಕ, ಉಳಿದ ವಿಷಯಗಳಿಗೆ 80 ಮತ್ತು 20. “ಆ ಇಪ್ಪತ್ತು ನಿಮ್ ಕೈಲೇ ಇದ್ಯಲ್ಲ ಮೇಷ್ಟ್ರೆ” ಅನ್ನುವವರಿದ್ದಾರೆ. ಅವರಿಗೆ ಮಗು ಮಾಡಿದ ಚಟುವಟಿಕೆಯ ಫೈಲನ್ನೇ ಎದುರಿಗಿಟ್ಟು ತೋರಿಸುತ್ತೇನೆ.

ಫಲಿತಾಂಶದ ದಿನ ನನ್ನ ಮೊದಲ ಫೋನು ಫೇಲಾದವರ ಮನೆಗೆ. 2023-24ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ಯಾವ ವಿಷಯ ಹೋಗಿದೆ, ಎಷ್ಟು ಅಂಕ ಕಮ್ಮಿ, ಪರೀಕ್ಷೆ-2ಕ್ಕೆ ಅರ್ಜಿ ಹಾಕಲು ಯಾವಾಗ ಬರಬೇಕು ಅಂತ ಅವತ್ತೇ ಹೇಳುತ್ತೇನೆ. ನಾಲ್ಕು ದಿನ ತಡವಾದರೆ ಹುಡುಗ ಬೆಂಗಳೂರಿನ ಬೇಕರಿ ಕೆಲಸಕ್ಕೆ ಬಸ್ಸು ಹತ್ತಿಬಿಟ್ಟಿರುತ್ತಾನೆ.