ಮಾವನ ಟ್ರಂಕಿನ ಪೋಸ್ಟ್-ಪಂಕ್: ಬೂಸ್ಟು ಹಿಡಿದ 112 ಕ್ಯಾಸೆಟ್‌ಗಳು

ಕಳೆದ ಭಾನುವಾರ ರಾತ್ರಿ ಕೊನೆಯ ಕ್ಯಾಸೆಟ್‌ನ ಬೂಸ್ಟು ತೆಗೆದು ಸದ್ದನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮುಗಿಯಿತು. ಒಳಗಿರುವುದು ಪೋಸ್ಟ್-ಪಂಕ್, ಪಂಕ್ ರಾಕ್ ಆದ ಮೇಲೆ 1970ರ ದಶಕದ ಕೊನೆಗೆ ಶುರುವಾದ ರಾಕ್ ಸಂಗೀತ. ಒಟ್ಟು 112. ಅದರಲ್ಲಿ 97 ಪೂರ್ತಿ ಉಳಿದವು, 9 ಅರ್ಧಂಬರ್ಧ, 6 ಹೋದವು. ಎರಡು ವರ್ಷದ ಹಿಂದೆ ಇದರಲ್ಲಿ ನಾಲ್ಕನ್ನು ಮಂಗಳೂರಿನ ಹಂಪನಕಟ್ಟೆ ಕಡೆಯ ಒಬ್ಬ ಹಳೇ ರಿಪೇರಿಯವರ ಮುಂದೆ ಇಟ್ಟಿದ್ದೆ. ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಎಂತ ಮಾರಾಯ್ರೆ, ಇದರಲ್ಲಿ ಟೇಪಿಗಿಂತ ಬೂಸ್ಟೇ ಜಾಸ್ತಿ ಉಂಟು. ಬಿಸಾಡಿ" ಎಂದರು. ಮಣಿಪಾಲದ ಗೆಳೆಯನೊಬ್ಬ, "ನಿನ್ನ ಡೆಕ್ ಹಾಳಾಗ್ತದೆ, ಅಷ್ಟೇ" ಎಂದ. ಡೆಕ್ ಎಂದರೆ ಕ್ಯಾಸೆಟ್ ಹಾಕಿ ಕೇಳುವ ಪ್ಲೇಯರ್. ಬೆಂಗಳೂರಿನ ಸಂಗ್ರಹಕಾರರು ಇನ್ನೂ ಸುಲಭದ ದಾರಿ ತೋರಿಸಿದರು: ಎಲ್ಲ ಹಾಡೂ ನೆಟ್‌ನಲ್ಲೇ ಸಿಗುತ್ತದಲ್ಲ, ಸುಮ್ನೆ ಯಾಕೆ ಕಷ್ಟ? ಎಲ್ಲ ಸಿಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಟ್ರಂಕು ನನ್ನ ಸೋದರಮಾವನದು. ಅವರು ಹಡಗಿನಲ್ಲಿದ್ದವರು. 1981ರಿಂದ 88ರವರೆಗೆ ಹೆಚ್ಚಾಗಿ ಯುರೋಪಿನ ಬಂದರುಗಳಿಗೆ ಹೋಗುತ್ತಿದ್ದರು. ಹ್ಯಾಂಬರ್ಗ್, ರಾಟರ್‌ಡ್ಯಾಂ, ಒಮ್ಮೊಮ್ಮೆ ಪೋಲೆಂಡಿನ ಗ್ಡಿನಿಯಾ. ಬಂದರಿನಲ್ಲಿ ಉಳಿದವರೆಲ್ಲ ಸೆಂಟು, ಬಟ್ಟೆ, ಗಡಿಯಾರ ಕೊಂಡರೆ ಇವರು ಕ್ಯಾಸೆಟ್ ಕೊಳ್ಳುತ್ತಿದ್ದರು. ಜಾಸ್ತಿ ಖಾಲಿ ಕ್ಯಾಸೆಟ್. ರಾತ್ರಿ ರೇಡಿಯೋ ಹಚ್ಚಿ ಸಿಕ್ಕಿದ್ದನ್ನು ತುಂಬಿಸುವುದು ಅವರ ಅಭ್ಯಾಸ. ಆಗ ಹೊಸ ಬ್ಯಾಂಡುಗಳ ಹಾಡು ಹಾಕುವುದಕ್ಕೆ ಹೆಸರಾಗಿದ್ದ ಬ್ರಿಟಿಷ್ ರೇಡಿಯೋ ನಿರೂಪಕ ಜಾನ್ ಪೀಲ್ ಬಿಬಿಸಿಯಲ್ಲಷ್ಟೇ ಅಲ್ಲ, ಜರ್ಮನಿಯಲ್ಲಿದ್ದ ಬ್ರಿಟಿಷ್ ಸೈನಿಕರ ರೇಡಿಯೋದಲ್ಲೂ ಕಾರ್ಯಕ್ರಮ ಕೊಡುತ್ತಿದ್ದರು. ಮಾವ ಅದನ್ನು ಗಂಟೆಗಟ್ಟಲೆ ರೆಕಾರ್ಡ್ ಮಾಡಿದ್ದಾರೆ. ಆದರೆ ಒಂದರ ಮೇಲೂ ಹೆಸರು ಬರೆದಿಲ್ಲ. ತಾರೀಖು, ಬಂದರು, ಅಷ್ಟೇ. ಆಮೇಲೆ ಟ್ರಂಕು ಕಾಪುವಿನ ಮನೆಯ ಅಟ್ಟ ಸೇರಿತು. ಸಮುದ್ರ ಅಲ್ಲಿಂದ ಕೂಗಳತೆ. ಮೂವತ್ತೈದು ಮಳೆಗಾಲ ಕಳೆದ ಮೇಲೆ ಒಳಗೆ ಏನಾಗಿರುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಚಪ್ಪಲಿ ವಾರಕ್ಕೆ ಹಸಿರಾಗುವ ಊರು ನಮ್ಮದು.

ಡೆಕ್ ಇಟ್ಟುಕೊಂಡವರಿಗೆ ಬೆಲ್ಟ್ ಬದಲಿಸುವುದು, ಟೇಪಿನ ಸದ್ದು ಓದುವ ಹೆಡ್ ಒರೆಸುವುದು ಗೊತ್ತಿರುತ್ತದೆ. ಅದನ್ನು ಬಿಡುತ್ತೇನೆ. ಮೊದಲು ಸೋತದ್ದನ್ನೇ ಹೇಳುತ್ತೇನೆ, ಯಾಕೆಂದರೆ ಹೋದ ಆರರಲ್ಲಿ ನಾಲ್ಕನ್ನು ಹಾಳುಮಾಡಿದ್ದು ನಾನೇ.

ಮೊದಲನೆಯದು, ಆತುರ. ಸಿಕ್ಕ ದಿನವೇ ಒಂದನ್ನು ಹಾಕಿ ಪ್ಲೇ ಒತ್ತಿದೆ. ಎರಡು ನಿಮಿಷ ಗಿಟಾರ್ ಕೇಳಿತು, ಆಮೇಲೆ ಕಂಬಳಿ ಹೊದ್ದ ಹಾಗೆ ಸದ್ದು, ಆಮೇಲೆ ಏನೂ ಇಲ್ಲ. ಸುರುಳಿಗಳು ಅಂಟಿಕೊಂಡಿದ್ದರಿಂದ ಟೇಪು ಎಳೆದು ಹರಿಯಿತು. ಟೇಪನ್ನು ಒತ್ತಿ ಎಳೆಯುವ ರಬ್ಬರ್ ಚಕ್ರ, ಪಿಂಚ್ ರೋಲರ್, ಅದರ ಮೇಲೆ ಬಿಳಿ ಹುಡಿ. ಅದೇ ರೋಲರ್‌ನಿಂದ ಮುಂದಿನ ಒಳ್ಳೇ ಕ್ಯಾಸೆಟ್‌ಗೂ ಬೂಸ್ಟು ಹತ್ತಿತು. ಎರಡನೆಯದು, ಕೊರೋನಾ ಕಾಲದಲ್ಲಿ ಉಳಿದಿದ್ದ ಸ್ಯಾನಿಟೈಸರ್‌ನಿಂದ ಟೇಪು ಒರೆಸಿದ್ದು. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟಾಗಿ ಕೂತಿತು. ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲ್ ಕೂಡ ಹೆಡ್ಡಿಗೆ ಸರಿ, ಟೇಪಿಗೆ ಬೇಡ. ಕಂದು ಲೇಪವೇ ಬಟ್ಟೆಗೆ ಬಂತು. ಮೂರನೆಯದು ಬಿಸಿಲು. ಏಪ್ರಿಲ್ ಬಿಸಿಲಿಗೆ ಹಪ್ಪಳದ ಪಕ್ಕ ಚಾಪೆಯ ಮೇಲೆ ಇಟ್ಟಿದ್ದೆ. ಅತ್ತೆ ಹಪ್ಪಳ ತಿರುವಲು ಬಂದು, "ನಿನ್ನದು ಬಾಗಿದೆ ನೋಡು" ಎಂದರು. ಶೆಲ್, ಅಂದರೆ ಕ್ಯಾಸೆಟ್‌ನ ಪ್ಲಾಸ್ಟಿಕ್ ಕವಚ, ದೋಣಿಯ ಹಾಗೆ ಬಾಗಿತ್ತು.

ಆಮೇಲೆ ಕೂತು ಯೋಚಿಸಿದೆ. ಬೂಸ್ಟು ಹಸಿ ಇರುವಾಗ ಮುಟ್ಟಿದರೆ ಹರಡುತ್ತದೆ. ಪೂರ್ತಿ ಒಣಗಿದರೆ ಹುಡಿಯಾಗಿ ಉದುರುತ್ತದೆ. ಹಾಗಾದರೆ ಮೊದಲು ಒಣಗಿಸಬೇಕು, ಬಿಸಿ ಮಾಡದೆ. ನಮ್ಮ ಊರಿನಲ್ಲಿ ಮಳೆಗಾಲಕ್ಕೆ ಬಟ್ಟೆಯ ಕಪಾಟಿನಲ್ಲಿ ಬಲ್ಬು ಉರಿಸಿಡುವವರು ಇದ್ದಾರಲ್ಲ, ಕ್ಯಾಮೆರಾದವರೂ ಲೆನ್ಸಿಗೆ ಅದನ್ನೇ ಮಾಡುತ್ತಾರೆ. ಗುಜರಿಯಿಂದ ಕೆಟ್ಟುಹೋದ ಫ್ರಿಜ್ ತಂದೆ. 700 ರೂಪಾಯಿ, ರಿಕ್ಷಾ ಟೆಂಪೋಗೆ 300. ಬಾಗಿಲಿನ ರಬ್ಬರ್ ಗಟ್ಟಿ ಇರಬೇಕು, ಅಷ್ಟು ನೋಡಿಕೊಳ್ಳಿ. ಒಳಗೆ 60 ವ್ಯಾಟ್ ಬಲ್ಬು ಹಾಕಿದೆ. ರಾತ್ರಿ ನೋಡಿದರೆ ಐವತ್ತು ಡಿಗ್ರಿ ದಾಟಿತ್ತು. ಫ್ರಿಜ್ಜಿಗೆ ತಣ್ಣಗೆ ಹೇಗೋ ಬಿಸಿಯೂ ಹಾಗೇ, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಅಲ್ಲೂ ಒಂದು ಹೋಯಿತು. ಝೀರೋ ಬಲ್ಬು ಹಾಕಿದ ಮೇಲೆ 36-37ಕ್ಕೆ ನಿಂತಿತು.

ಬಲ್ಬು ಮಾತ್ರ ಸಾಲದು. ಅದು ಟೇಪಿನಿಂದ ಪಸೆ ಎಬ್ಬಿಸುತ್ತದೆ, ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಆ ಪಸೆ ಎಲ್ಲಿಗೆ ಹೋಗಬೇಕು? ಅದನ್ನು ಹೀರಲು ಸಿಲಿಕಾ ಜೆಲ್. ಎರಡು ಕಿಲೋ, ಹಳೇ ಕಾಲುಚೀಲಗಳಲ್ಲಿ ತುಂಬಿ ಪ್ರತಿ ತಟ್ಟೆಯಲ್ಲಿ ಎರಡೆರಡು. ಬಣ್ಣ ಬದಲಾದರೆ ಬಾಣಲೆಯಲ್ಲಿ ಹುರಿದು ಮತ್ತೆ ಹಾಕುವುದು. ಆ ಬಾಣಲೆ ಅಡುಗೆಗೆ ಮತ್ತೆ ಬಳಸಬೇಡಿ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ. ನಾನು ಆಮೇಲೆ ಕಿತ್ತಳೆ ಬಣ್ಣದ್ದಕ್ಕೆ ಬದಲಿಸಿದೆ. ಜುಲೈಯಲ್ಲಿ ಹೊರಗೆ ತೇವಾಂಶ 90ರ ಹತ್ತಿರ ಇರುವಾಗ ಫ್ರಿಜ್ಜಿನೊಳಗೆ 40-45 ತೋರಿಸುತ್ತಿತ್ತು. 350 ರೂಪಾಯಿಯ ಮೀಟರ್ ಅದು, ಎರಡು ಮೂರು ಆಚೀಚೆ ಇರಬಹುದು. ಒಂದು ಸುತ್ತಿಗೆ ಮೂರು ವಾರ. ಬೇಗ ತೆಗೆದವರು ಕೆಡುತ್ತಾರೆ. ನಾನೇ ಹತ್ತು ದಿನಕ್ಕೆ ತೆಗೆದು ನೋಡಿ ಮತ್ತೆ ಒಳಗಿಟ್ಟೆ.

ಒಣಗಿದ ಮೇಲೆ ಶೆಲ್ ಬಿಚ್ಚಿ ಸುರುಳಿಯನ್ನು ಹೊಸ ಸ್ಕ್ರೂ ಶೆಲ್ಲಿಗೆ ಹಾಕುವುದು. ಅಂಟಿಸಿದ ಶೆಲ್ಲುಗಳನ್ನು ಒಡೆಯದೆ ಬಿಡಿಸಲು ನನ್ನದೊಂದು ಉಪಾಯವಿದೆ. ಅದು ಸದ್ಯ ನನ್ನ ಹತ್ತಿರವೇ ಇರಲಿ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಯಾಡ್ ಬಿದ್ದುಹೋಗಿದ್ದರೆ ಹಳೇ ಭಜನೆ ಕ್ಯಾಸೆಟ್‌ಗಳಿಂದ ತೆಗೆದೆ. ಇಂಥ ಕ್ಯಾಸೆಟ್ ಗುಜರಿಯಲ್ಲಿ ಐದು ರೂಪಾಯಿಗೆ ಒಂದು. ಆಮೇಲೆ ಹಳೇ ಟೂ-ಇನ್-ವನ್‌ನಿಂದ ಹೆಡ್ಡು ಕಿತ್ತುಹಾಕಿ ಬರೀ ಮೋಟರ್ ಉಳಿಸಿಕೊಂಡ ಒಂದು ಸುತ್ತುವ ಯಂತ್ರ ಮಾಡಿಕೊಂಡೆ. ಟೇಪು ಎರಡು ಮಡಿಕೆ ಬಟ್ಟೆಯ ನಡುವೆ ಹಾದುಹೋಗುತ್ತದೆ, ನಾಲ್ಕು ಸಲ. 90 ನಿಮಿಷದ ಕ್ಯಾಸೆಟ್‌ನಲ್ಲಿ ಸುಮಾರು 130 ಮೀಟರ್ ಟೇಪು ಇರುತ್ತದೆ. ಮೊದಲ ಸಲಕ್ಕೆ ಬಟ್ಟೆ ಹಿಟ್ಟಿನ ಗಿರಣಿಯ ಹಾಗೆ ಆಗುತ್ತದೆ, ನಾಲ್ಕನೆಯದಕ್ಕೆ ಕಲೆಯೇ ಇರುವುದಿಲ್ಲ. ಯಾವ ಬಟ್ಟೆ ಎಂದು ತುಂಬ ಜನ ಕೇಳಿದ್ದಾರೆ. ಇಷ್ಟು ಹೇಳುತ್ತೇನೆ: ಹತ್ತಿಯಲ್ಲ, ಕನ್ನಡಕದ ಬಟ್ಟೆಯೂ ಅಲ್ಲ, ಮಂಗಳೂರಿನ ಯಾವ ಟೈಲರ್ ಅಂಗಡಿಯಲ್ಲೂ ಸಿಗುತ್ತದೆ. ಕೆಲಸ ಜಗಲಿಯಲ್ಲಿ ಮಾಡಿ, ಮಾಸ್ಕ್ ಹಾಕಿ. ಮೊದಲ ವಾರ ನಾನು ಹಾಕಲಿಲ್ಲ. ಹದಿನೈದು ದಿನ ಕೆಮ್ಮು, ಡಾಕ್ಟರಿಗೂ ಔಷಧಿಗೂ ಸೇರಿ 1,100 ರೂಪಾಯಿ ಹೋಯಿತು.

ಇಷ್ಟರಲ್ಲಿ ಒಂದು ಪಕ್ಕದ ಪ್ರಯೋಗವೂ ನಡೆಯಿತು. ನನ್ನ ಹತ್ತಿರ ಹತ್ತಿಪ್ಪತ್ತು ಎಲ್‌ಪಿಗಳೂ ಇವೆ, ಅವಕ್ಕೂ ಬೂಸ್ಟು. ಫೆವಿಕಾಲ್ ಬಳಿದು, ಒಣಗಿದ ಮೇಲೆ ಸಿಪ್ಪೆಯ ಹಾಗೆ ಎಳೆಯುವ ವಿಧಾನ ನಿಮಗೆ ಗೊತ್ತು. ಜುಲೈಯಲ್ಲಿ ಮಾಡಿದೆ. ಮೂರು ದಿನವಾದರೂ ಒಣಗಲಿಲ್ಲ, ಅರ್ಧ ಅಂಟು ರೆಕಾರ್ಡಿನ ಗೀರುಗಳಲ್ಲೇ ಉಳಿಯಿತು, ಮತ್ತೆ ಬಳಿದು ಎಳೆಯಬೇಕಾಯಿತು. ಫೆಬ್ರವರಿಯಲ್ಲಿ ಮಾಡಿದರೆ ಒಂದೇ ರಾತ್ರಿ, ಹೊಸದರ ಹಾಗೆ ಹೊಳೆಯುತ್ತದೆ. ಈಗ ರೆಕಾರ್ಡಿನ ಕೆಲಸ ಶಿವರಾತ್ರಿಯ ಆಸುಪಾಸಿಗೇ ಇಟ್ಟುಕೊಂಡಿದ್ದೇನೆ.

ಡೆಕ್ ಬೆಂಗಳೂರಿನಿಂದ ತಂದದ್ದು, 6,500. ಬೆಲ್ಟು, ರೋಲರ್ ಸೇರಿ ರಿಪೇರಿಗೆ 1,800. ಕಂಪ್ಯೂಟರಿಗೆ ಹಾಕುವ ಸೌಂಡ್ ಬಾಕ್ಸ್ ಏಳು ಸಾವಿರ ಚಿಲ್ಲರೆ. ಶೆಲ್ಲುಗಳಿಗೆ ಮೂರು ಸಾವಿರದ ಹತ್ತಿರ. ಹಾರ್ಡ್ ಡಿಸ್ಕ್, ಕರೆಂಟು, ಉಳಿದ ಚಿಲ್ಲರೆ ಎಲ್ಲ ಸೇರಿದರೆ ಇಪ್ಪತ್ತೈದು ಸಾವಿರ ದಾಟಿರಬಹುದು. ದೊಡ್ಡ ಊರಿನ ಒಂದು ಸ್ಟುಡಿಯೋ ಕ್ಯಾಸೆಟ್‌ಗೆ 600ರಂತೆ ಕೇಳಿತ್ತು, ಅದೂ ಬೂಸ್ಟು ಇಲ್ಲದಿದ್ದರೆ ಮಾತ್ರ. ಲೆಕ್ಕ ಹಾಕಿ, 67 ಸಾವಿರ. ನಾನು ಉಳಿಸಿದ್ದು ಎಷ್ಟು ಅಂತ ಗೊತ್ತಾಗುತ್ತದೆ ಅಲ್ವಾ?

ರೆಕಾರ್ಡಿಂಗ್ ಬಗ್ಗೆ ಒಂದೇ ಮಾತು. ಪ್ರತಿ ಬದಿಗೂ ಹೆಡ್ಡು ಟೇಪಿಗೆ ನೆಟ್ಟಗಿರುವಂತೆ ಮಾಡುವ ಅಜಿಮತ್ ಸ್ಕ್ರೂ ತಿರುಗಿಸಿ ಸರಿಮಾಡಿ. ಮೋನೋ ಮಾಡಿ ಕೇಳುತ್ತಾ ಸಿಂಬಲ್, ಅಂದರೆ ಡ್ರಮ್ಮಿನ ಜೊತೆಯ ತಾಳದ ಸದ್ದು, ಎಲ್ಲಿ ಅತಿ ಚೂಪಾಗುತ್ತದೋ ಅಲ್ಲಿ ನಿಲ್ಲಿಸಿ. ಈ ಸಂಗೀತಕ್ಕೆ ಅದು ಬೇಕೇ ಬೇಕು. ಕೋರಸ್ ಎಂಬ ಎಫೆಕ್ಟ್ ಹಾಕಿದ ಗಿಟಾರ್ ಮಂಕಾದರೆ ಉಳಿಯುವುದೇನು?

ಈಗ ನನಗೆ ನಿಜವಾಗಿ ಹೆಮ್ಮೆ ಇರುವ ಭಾಗ. ಸದ್ದು ಸಿಕ್ಕಿತು, ಹೆಸರಿಲ್ಲ. ಹಾಡು ಗುರುತಿಸುವ ಆ್ಯಪ್‌ಗೆ ಕೇಳಿಸಿದರೆ ಹತ್ತರಲ್ಲಿ ಒಂಬತ್ತಕ್ಕೆ ಉತ್ತರವಿಲ್ಲ. ಅಷ್ಟು ಅಪರೂಪದ ಹಾಡುಗಳೇ ಎಂದು ಮೂರು ತಿಂಗಳು ನಂಬಿದ್ದೆ. ಒಂದು ರಾತ್ರಿ ದಿ ಸೌಂಡ್ ಬ್ಯಾಂಡಿನ ನನಗೆ ಬಾಯಿಪಾಠ ಇರುವ ಹಾಡು ಬಂತು. ಅದರ ಗಾಯಕ ಏಡ್ರಿಯನ್ ಬೋರ್ಲೆಂಡ್ ದನಿ ನನಗೆ ಚೆನ್ನಾಗಿ ಗೊತ್ತು, 1980ರ ಅವರ ಮೊದಲ ಆಲ್ಬಮ್ ನಾನು ನೂರಾರು ಸಲ ಕೇಳಿದ್ದೇನೆ. ಇಲ್ಲಿ ಅವರ ದನಿ ಸ್ವಲ್ಪ ಎಳೆಯದಾಗಿ, ಅವಸರದಲ್ಲಿ ಇತ್ತು. ಮಾವನ ಟೂ-ಇನ್-ವನ್ ನಿಧಾನ ಓಡುತ್ತಿತ್ತು. ನಿಧಾನದಲ್ಲಿ ತುಂಬಿಸಿದ್ದು ಸರಿಯಾದ ಡೆಕ್ಕಿನಲ್ಲಿ ವೇಗವಾಗಿ ಕೇಳುತ್ತದೆ. ಅದಕ್ಕೇ ಆ್ಯಪ್‌ಗೆ ಗುರುತು ಸಿಕ್ಕಿರಲಿಲ್ಲ.

ಎಷ್ಟು ವೇಗ ಎಂದು ತಿಳಿಯುವುದು ಹೇಗೆ? ಒಂದು ಕ್ಯಾಸೆಟ್‌ನಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್‌ನ ಗಂಟೆಯ ಪಿಪ್ ಸದ್ದು ಇತ್ತು. ಆ ಪಿಪ್ 1,000 ಹರ್ಟ್ಜ್‌ಗೆ ಇರುತ್ತದೆ. ಕಂಪ್ಯೂಟರಿನಲ್ಲಿ ಅಳೆದರೆ 1,028. ಅಂದರೆ ನೂರಕ್ಕೆ 2.8 ಜಾಸ್ತಿ. ಪಿಪ್ ಇಲ್ಲದ ಕ್ಯಾಸೆಟ್‌ಗಳಿಗೆ ಕರೆಂಟಿನ ಗುಂಯ್‌ಗುಡುವಿಕೆ ನೋಡಿದೆ. ಯುರೋಪಿನ ದಡದಲ್ಲಿ ಕರೆಂಟು 50 ಹರ್ಟ್ಜ್, ಮಾವನ ಹಡಗಿನಲ್ಲಿ 60. ದಡದಲ್ಲಿ ತುಂಬಿಸಿದ್ದು 51.4 ಎಂದು, ಹಡಗಿನಲ್ಲಿ ತುಂಬಿಸಿದ್ದು 61.7 ಎಂದು ಕಾಣುತ್ತಿತ್ತು. ಎರಡೂ ಅದೇ 2.8ಕ್ಕೆ ಬಂದು ನಿಂತವು. ಯಾವುದು ದಡದ್ದು, ಯಾವುದು ನಡುಸಮುದ್ರದ್ದು ಎನ್ನುವುದೂ ಜೊತೆಗೇ ಗೊತ್ತಾಯಿತು. ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಹೆಂಡತಿಯನ್ನು ಎಬ್ಬಿಸಿ ಹೇಳಿದೆ.

ವೇಗ ಇಳಿಸಿದ ಮೇಲೆ ಹೆಸರುಗಳು ಸುರಿಯತೊಡಗಿದವು. ಎಕ್ಸ್‌ಮಾಲ್ ಡಾಯ್ಚ್‌ಲಾಂಡ್, ಹ್ಯಾಂಬರ್ಗ್‌ನ ಹುಡುಗಿಯರು ಕಟ್ಟಿದ ಬ್ಯಾಂಡು, ಮಾವ ಅವರದೇ ಊರಿನಲ್ಲಿ ಕೂತು ತುಂಬಿಸಿದ್ದು. ವಾಟ್‌ಫರ್ಡ್‌ನ ಸ್ಯಾಡ್ ಲವರ್ಸ್ ಅಂಡ್ ಜೈಂಟ್ಸ್. ಇಂಕ್‌ಬೆರೋ ಎಂಬ ಹಳ್ಳಿಯಿಂದ ಬಂದ ಆ್ಯಂಡ್ ಆಲ್ಸೋ ದ ಟ್ರೀಸ್. ಗ್ಡಿನಿಯಾ ಎಂದು ಬರೆದ ಒಂದರಲ್ಲಿ ಪೋಲೆಂಡಿನ ಶೆಕಿಯೆರಾ. ಪುವಾವಿ ಪಟ್ಟಣದವರು, 1986ರಲ್ಲಿ ತಂದ ಆಲ್ಬಮ್‌ಗೆ ತಮ್ಮ ಊರಿನ ಹಳೇ ಹೆಸರನ್ನೇ ಇಟ್ಟವರು. ಆ ತಣ್ಣನೆಯ ಸಿಂಥ್, ಸುತ್ತಿಗೆಯ ಹಾಗೆ ಬೀಳುವ ಡ್ರಮ್ಮು, ಹೊರಗೆ ಕಾಪುವಿನ ಮಳೆ. ನಾನು ಜಗಲಿಯಲ್ಲಿ ನಿಂತೇ ಕೇಳಿದೆ.

ಅಂಗಡಿಯಿಂದ ಕೊಂಡ ಕ್ಯಾಸೆಟ್‌ಗಳು ಹದಿನಾಲ್ಕೋ ಹದಿನೈದೋ ಇದ್ದವು. ಅದರಲ್ಲಿ ದಿ ಕ್ಯೂರ್ ಬ್ಯಾಂಡಿನ 1981ರ ಫೇತ್ ಆಲ್ಬಮ್. ಎಲ್‌ಪಿಯಲ್ಲಿ ಇಲ್ಲದ್ದು ಈ ಕ್ಯಾಸೆಟ್‌ನಲ್ಲಿದೆ. ಮೊದಲ ಬದಿಯಲ್ಲಿ ಪೂರ್ತಿ ಆಲ್ಬಮ್, ಎರಡನೇ ಬದಿಯಲ್ಲಿ ಕಾರ್ನೇಜ್ ವೈಸರ್ಸ್ ಎಂಬ ಅರ್ಧ ಗಂಟೆಗೆ ಹತ್ತಿರದ ಹಾಡಿಲ್ಲದ ಸಂಗೀತ. ಬೂಸ್ಟು ಮೊದಲ ಬದಿಯ ಶುರುವನ್ನು ಕಚ್ಚಿತ್ತು. ಅಲ್ಲಲ್ಲಿ ಸದ್ದು ಬೀಳುತ್ತದೆ. ಎರಡನೇ ಬದಿ ಮಾತ್ರ ಅಚ್ಚುಕಟ್ಟು. ಖಾಲಿ ಕ್ಯಾಸೆಟ್‌ಗಳಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿಯ ಕ್ರೋಮ್ ಟೇಪುಗಳು ಚೆನ್ನಾಗಿ ಬಾಳಿವೆ, ಮೂವತ್ತಕ್ಕೂ ಜಾಸ್ತಿ ಇದ್ದವು, ಒಂದೂ ಹೋಗಲಿಲ್ಲ.

ಮಾವನಿಗೆ ಈಗ ಎಪ್ಪತ್ತಾರು. ಕಿವಿ ಸ್ವಲ್ಪ ಮಂದ. ಹೆಡ್‌ಫೋನ್ ಹಾಕಿ 1983ರ ಜನವರಿ ಎಂದು ಬರೆದ ಒಂದನ್ನು ಕೇಳಿಸಿದೆ. ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ, "ಇಲ್ಲಿ ಈಗ ಸದ್ದು ಹೋಗ್ತದೆ ನೋಡು, ಏರಿಯಲ್ ಕಿಟಕಿಗೆ ಕಟ್ಟಿದ್ದೆ, ಗಾಳಿಗೆ ಬಿತ್ತು" ಎಂದರು. ಎರಡು ಸೆಕೆಂಡಿಗೆ ಸದ್ದು ಹೋಯಿತು.

ನಾಲ್ಕು ಹಾಡು ಇನ್ನೂ ಗುರುತಾಗಿಲ್ಲ. ಮೂರರ ಆಸೆ ಬಿಟ್ಟಿದ್ದೇನೆ. ನಾಲ್ಕನೆಯದು 1984ರ ಹ್ಯಾಂಬರ್ಗ್ ಕ್ಯಾಸೆಟ್‌ನ ಎರಡನೇ ಬದಿಯಲ್ಲಿದೆ. ಸುಮಾರು ಮೂರೂಮುಕ್ಕಾಲು ನಿಮಿಷ, ದಡದಲ್ಲಿ ತುಂಬಿಸಿದ್ದು. ಡ್ರಮ್ ಮಷಿನ್, ಮುಂದೆ ನಿಂತು ಹಾಡುವ ಬೇಸ್, ಜರ್ಮನ್‌ನಲ್ಲಿ ಒಬ್ಬ ಹೆಂಗಸಿನ ತಗ್ಗಿದ ದನಿ. ಗಿಟಾರ್ ಕೊನೆಯ ಒಂದು ನಿಮಿಷಕ್ಕಷ್ಟೇ ಬರುತ್ತದೆ. ಹಾಡು ಮುಗಿದು ಹೆಸರು ಹೇಳುವ ಹೊತ್ತಿಗೆ ಮಾವ ಸ್ಟಾಪ್ ಒತ್ತಿದ್ದಾರೆ, ಮೊದಲ ಅಕ್ಷರ "ಮಾ" ಅಷ್ಟೇ ಕೇಳುತ್ತದೆ. ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ಹೇಳಿ. ಬಟ್ಟೆ ಯಾವುದೆಂದು ಆಗ ನಾನೂ ಹೇಳುತ್ತೇನೆ.