ಬಟನ್ ಒತ್ತಿದರೂ ವಾಷಿಂಗ್ ಮೆಷಿನ್ ಶುರುವಾಗುತ್ತಿಲ್ಲವಾ? ಅದು ಎಲ್ಲಿಗೆ ಬಂದು ನಿಂತಿದೆ ಅಂತ ಮೊದಲು ನೋಡಿ

ಬಟ್ಟೆ ತುಂಬಿದ್ದೀರಿ, ಸೋಪಿನ ಪುಡಿ ಹಾಕಿದ್ದೀರಿ, ಮುಚ್ಚಳ ಮುಚ್ಚಿ ಬಟನ್ ಒತ್ತಿದ್ದೀರಿ. ಏನೂ ಇಲ್ಲ. ಇನ್ನೊಮ್ಮೆ ಸ್ವಲ್ಪ ಜೋರಾಗಿ ಒತ್ತುತ್ತೀರಿ, ಜೋರಾಗಿ ಒತ್ತಿದರೆ ಮೆಷಿನ್ನಿಗೆ ಬೇಗ ಅರ್ಥವಾಗುತ್ತದೆ ಅನ್ನುವ ಹಾಗೆ. ಆಗಲೂ ಇಲ್ಲ. ಅಷ್ಟರಲ್ಲಿ ಮನೆಯಲ್ಲಿ ಯಾರಾದರೂ ಒಬ್ಬರು "ಬೋರ್ಡ್ ಹೋಗಿರಬೇಕು" ಅಂದೇ ಅನ್ನುತ್ತಾರೆ. ಬೋರ್ಡ್ ಅಂದರೆ ಮೆಷಿನ್ನನ್ನು ನಡೆಸುವ ಒಳಗಿನ ಸರ್ಕ್ಯೂಟ್. ಅದು ಹೋಗುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಕೊನೆಗೆ ಅನುಮಾನಿಸಿ.

ಮೇಲಿನಿಂದ ಬಟ್ಟೆ ಹಾಕುವ ಆಟೋಮ್ಯಾಟಿಕ್ ಮೆಷಿನ್ ಒಂದು ಕ್ರಮದಲ್ಲಿ ಕೆಲಸ ಶುರು ಮಾಡುತ್ತದೆ. ಕರೆಂಟ್ ಬರಬೇಕು. ಮುಚ್ಚಳ ಮುಚ್ಚಿದೆ ಅಂತ ಗೊತ್ತಾಗಬೇಕು. ಆಮೇಲೆ ಬಹಳ ಮೆಷಿನ್‌ಗಳು ತಳದ ತಟ್ಟೆಯನ್ನು ನೀರಿಲ್ಲದೆಯೇ ನಾಲ್ಕಾರು ಸಲ ಅತ್ತಿತ್ತ ತಿರುಗಿಸಿ ಬಟ್ಟೆ ಎಷ್ಟಿದೆ ಅಂತ ಅಂದಾಜು ಮಾಡುತ್ತವೆ. ನಂತರ ನೀರು. ನೀರು ಬೇಕಾದಷ್ಟು ತುಂಬಿದ ಮೇಲೇ ಒಗೆತ. ನಿಮ್ಮ ಮೆಷಿನ್ ಇದರಲ್ಲಿ ಎಲ್ಲಿಯವರೆಗೆ ಬಂದು ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೇ ಫ್ಯಾನು, ಟಿವಿ ಎಲ್ಲ ಆರಿಸಿ, ಬಟನ್ ಒತ್ತಿ ಎರಡು ನಿಮಿಷ ಪಕ್ಕದಲ್ಲೇ ನಿಂತು ಕಿವಿಗೊಡಿ.

ಒಂದು ದೀಪವೂ ಹತ್ತುತ್ತಿಲ್ಲ ಅಂದರೆ ಮೆಷಿನ್ನನ್ನು ಬಿಡಿ, ಗೋಡೆ ನೋಡಿ. ಅದೇ ಸಾಕೆಟ್ಟಿಗೆ ಬೇರೆ ಏನಾದರೂ ಸಿಕ್ಕಿಸಿದರೆ ಓಡುತ್ತದಾ? ಎಂಸಿಬಿ, ಅಂದರೆ ಮೀಟರ್ ಬೋರ್ಡಿನಲ್ಲಿ ತಾನಾಗಿ ಬೀಳುವ ಸ್ವಿಚ್ಚು, ಬಿದ್ದಿದೆಯಾ? ಪ್ಲಗ್ ಸಡಿಲವಾಗಿದೆಯಾ, ಕಪ್ಪಾಗಿದೆಯಾ? ತೆಳ್ಳಗಿನ ಎಕ್ಸ್‌ಟೆನ್ಷನ್ ವೈರಿನಲ್ಲಿ ಓಡಿಸುತ್ತಿದ್ದರೆ ಅದನ್ನು ತೆಗೆದು ನೇರ ಗೋಡೆಗೇ ಹಾಕಿ, ಯಾಕೆಂದರೆ ಅಂಥ ವೈರಿನಲ್ಲಿ ದೀಪವೇನೋ ಹತ್ತುತ್ತದೆ, ಮೋಟಾರು ಎಳೆಯುವ ಹೊತ್ತಿಗೆ ವೋಲ್ಟೇಜ್ ಸಾಲದೆ ಎಲ್ಲ ಆರಿಹೋಗುತ್ತದೆ. ಎಂಸಿಬಿ ಎತ್ತಿದ ಕೂಡಲೇ ಮತ್ತೆ ಬಿದ್ದರೆ ಮೂರನೇ ಸಲ ಎತ್ತಬೇಡಿ. ಒಳಗೆ ಎಲ್ಲೋ ಶಾರ್ಟ್ ಇದೆ. ಮೆಷಿನ್ ಮೈ ಮುಟ್ಟಿದರೆ ಜುಮ್ ಅನ್ನುತ್ತಿದ್ದರಂತೂ ಅದನ್ನು ಮತ್ತೆ ಮುಟ್ಟಬೇಡಿ, ಮೇನ್ ಆರಿಸಿ ಎಲೆಕ್ಟ್ರಿಷಿಯನ್‌ಗೆ ಹೇಳಿ.

ದೀಪ ಹತ್ತುತ್ತದೆ, ಶುರುವಾಗುವುದಿಲ್ಲ. ಇದೇ ಜಾಸ್ತಿ ಕಾಣುವ ತೊಂದರೆ. ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ಪವರ್ ಬಟನ್ ಬೇರೆ, ಸ್ಟಾರ್ಟ್ ಬಟನ್ ಬೇರೆ. ಪವರ್ ಒತ್ತಿ, ಪ್ರೋಗ್ರಾಂ ಆರಿಸಿ, ಸ್ಟಾರ್ಟ್ ಒತ್ತದೇ ಹೋದವರಲ್ಲಿ ನಾನೂ ಒಬ್ಬ. ಆಮೇಲೆ ಚೈಲ್ಡ್ ಲಾಕ್. ಪರದೆಯ ಮೇಲೆ ಬೀಗದ ಚಿತ್ರ ಅಥವಾ 'ಸಿಎಲ್' ಅಂತ ಕಾಣುತ್ತಿದೆ, ಯಾವ ಬಟನ್ ಒತ್ತಿದರೂ ಬರೀ ಕೀಂ ಅನ್ನುತ್ತಿದೆ ಅಂದರೆ ಅದೇ. ಬೀಗದ ಗುರುತಿರುವ ಬಟನ್ ಅಥವಾ ಬಟನ್ ಜೋಡಿಯನ್ನು ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಬಹಳ ಮೆಷಿನ್‌ಗಳಲ್ಲಿ ಬಿಟ್ಟುಕೊಳ್ಳುತ್ತದೆ. ಪರದೆಯಲ್ಲಿ 3 ಅಥವಾ 5 ಅಂತ ಗಂಟೆ ಕಾಣುತ್ತಿದ್ದರೆ ಯಾರೋ ತಡವಾಗಿ ಶುರುವಾಗುವ ಹಾಗೆ ಇಟ್ಟಿದ್ದಾರೆ. ಪವರ್ ಆರಿಸಿ ಮತ್ತೆ ಹಾಕಿ, ಸಾಕು.

ಇದೆಲ್ಲ ಅಲ್ಲ ಅಂದರೆ ಮುಚ್ಚಳಕ್ಕೆ ಬನ್ನಿ. ಕೆಲವು ಮೆಷಿನ್ ಮುಚ್ಚಳ ತೆರೆದಿದ್ದರೂ ನೀರು ತುಂಬಿಕೊಳ್ಳುತ್ತವೆ, ಬಟ್ಟೆ ಹಿಂಡುವಾಗ ಮಾತ್ರ ತಕರಾರು ಮಾಡುತ್ತವೆ. ಇನ್ನು ಕೆಲವು ಮುಚ್ಚಳ ಲಾಕ್ ಆಗದೆ ಮೊದಲ ಹೆಜ್ಜೆಯನ್ನೇ ಇಡುವುದಿಲ್ಲ. ಎಲ್‌ಜಿ ಮೆಷಿನ್‌ಗಳಲ್ಲಿ 'ಡಿಇ' ಅಂತ ಬರುವುದು ಇದಕ್ಕೇ. ಮುಚ್ಚಳ ಮುಚ್ಚಿದ್ದನ್ನು ತಿಳಿಯಲು ಒಂದೋ ಸಣ್ಣ ಒತ್ತು ಸ್ವಿಚ್ ಇರುತ್ತದೆ, ಇಲ್ಲವೇ ಮುಚ್ಚಳದಲ್ಲಿ ಅಯಸ್ಕಾಂತ, ಅದರ ಎದುರಿಗೆ ಮೈಯೊಳಗೆ ಸೆನ್ಸರ್. ಒತ್ತು ಸ್ವಿಚ್ಚಿನದ್ದಾದರೆ ಬೆರಳಿನಿಂದ ಒತ್ತಿದಾಗ ಟಿಕ್ ಅನ್ನಬೇಕು. ಸೋಪು ಗಟ್ಟಿಯಾಗಿ ಮೆತ್ತಿಕೊಂಡು ಅದು ಅಲ್ಲೇ ಹಿಡಿದುಕೊಂಡಿರಬಹುದು, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ನೋಡಿ.

ನಮ್ಮ ಮನೆಯ ಮೆಷಿನ್ ಒಮ್ಮೆ ಎರಡು ದಿನ ನಿಂತಿತ್ತು. ಸ್ಟಾರ್ಟ್ ಒತ್ತಿದರೆ ಮೂರು ಸಲ ಕೀಂ ಕೀಂ, ಆಮೇಲೆ ಮೌನ. ನೋಡಲು ಬಂದವರು ಐದೇ ನಿಮಿಷದಲ್ಲಿ ಬೋರ್ಡ್ ಬದಲಾಯಿಸಬೇಕು ಅಂದುಬಿಟ್ಟರು. ಅವರು ಹೋದ ಮೇಲೆ ಸುಮ್ನೆ ಮುಚ್ಚಳ ಎತ್ತಿ ಇಳಿಸುತ್ತಿದ್ದಾಗ ಅಂಚಿನೊಳಗೆ ಏನೋ ಜಾರಿದ ಸದ್ದು, ಡಬ್ಬಿಯಲ್ಲಿ ಕಲ್ಲು ಉರುಳಿದ ಹಾಗೆ. ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತದ ಗೊಂಬೆ ತಂದು ಮೆಷಿನ್ ಅಂಚಿನ ಮೇಲೆ ನಿಧಾನವಾಗಿ ಜಾರಿಸುತ್ತಾ ಹೋದೆ. ಬಲಮೂಲೆಗೆ ಬಂದಾಗ ಸ್ಟಾರ್ಟ್ ಒತ್ತಿದರೆ ತಟ್ಟೆ ಗರ್ ಅಂತ ತಿರುಗಿತು! ಮುಚ್ಚಳದೊಳಗಿನ ಅಯಸ್ಕಾಂತ ಅಂಟು ಬಿಟ್ಟು ಇನ್ನೊಂದು ಮೂಲೆಗೆ ಜಾರಿ ಕೂತಿತ್ತು, ಅಷ್ಟೇ. ಮುಚ್ಚಳ ಬಿಚ್ಚಿ ಎಪಾಕ್ಸಿ ಅಂಟು ಹಚ್ಚಿ ಅದರ ಜಾಗಕ್ಕೆ ಕೂರಿಸಿದೆ. ಅಂಟಿಸುವ ಮೊದಲು ಯಾವ ಮುಖ ಕೆಳಗಿದ್ದರೆ ಕೆಲಸ ಮಾಡುತ್ತದೆ ಅಂತ ನೋಡಿಕೊಳ್ಳಿ, ಕೆಲವು ಸೆನ್ಸರ್‌ಗಳಿಗೆ ಅದೂ ಲೆಕ್ಕ. ಆದರೆ ಒಂದು ಮಾತು, ಗೊಂಬೆಯನ್ನೇ ಅಲ್ಲಿ ಟೇಪ್ ಹಾಕಿ ಅಂಟಿಸಿಬಿಟ್ಟರೆ ಆಯ್ತಲ್ಲ ಅನ್ನುವ ಆಸೆ ಬೇಡ. ಹಿಂಡುವಾಗ ಡ್ರಮ್ಮು ನಿಮಿಷಕ್ಕೆ ಸುಮಾರು 700 ಸುತ್ತು ತಿರುಗುತ್ತದೆ, ಮುಚ್ಚಳ ತೆಗೆದರೂ ಅದು ನಿಲ್ಲುವುದಿಲ್ಲ ಅಂದರೆ ಕೈ ಹೋಗುವುದು ಒಂದು ಕ್ಷಣದ ಕೆಲಸ.

ತಟ್ಟೆ ನಾಲ್ಕು ಸಲ ತಿರುಗಿ ಆಮೇಲೆ ಸುಮ್ಮನಾದರೆ ಅದು ನೀರಿಗೆ ಕಾಯುತ್ತಿದೆ. ಸ್ವಲ್ಪ ಹೊತ್ತು ಕಾದು 'ಐಇ' ಅಥವಾ '4ಇ', '4ಸಿ' ತರಹದ ಕೋಡ್ ತೋರಿಸಬಹುದು, ಮೊದಲಿನದ್ದು ಎಲ್‌ಜಿ, ಉಳಿದೆರಡು ಸ್ಯಾಮ್‌ಸಂಗ್. ನಲ್ಲಿ ತಿರುಗಿಸಿದ್ದೀರಾ? ಪೈಪು ಮೆಷಿನ್ ಹಿಂದೆ ಮಡಚಿಕೊಂಡಿದೆಯಾ? ಎರಡೂ ಸರಿ ಇದ್ದರೆ ಜಾಲರಿ ನೋಡಲೇಬೇಕು, ತುಂಬ ಜನ ಇದು ಇದೆ ಅಂತಲೇ ತಿಳಿಯದೆ ವರ್ಷಗಟ್ಟಲೆ ಮೆಷಿನ್ ಓಡಿಸುತ್ತಾರೆ.

ಪ್ಲಗ್ ತೆಗೆಯಿರಿ, ನಲ್ಲಿ ಮುಚ್ಚಿ. ಕೆಳಗೆ ಒಂದು ಬಕೆಟ್ ಇಟ್ಟು, ಮೆಷಿನ್ ಹಿಂಭಾಗದಲ್ಲಿ ನೀರಿನ ಪೈಪು ಸೇರುವ ಕಡೆಯ ನಟ್ಟನ್ನು ಕೈಯಿಂದಲೇ ಬಿಚ್ಚಿ. ಒಳಗೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಜಾಲರಿ ಕಾಣುತ್ತದೆ, ನಡುವೆ ಹಿಡಿದು ಎಳೆಯಲು ಸಣ್ಣ ಕಿವಿ ಇರುತ್ತದೆ. ಇಕ್ಕಳದಿಂದ ಮೆಲ್ಲಗೆ ನೇರವಾಗಿ ಎಳೆಯಿರಿ, ತಿರುಚಿದರೆ ಕಿವಿ ಮುರಿದು ಕೈಗೆ ಬರುತ್ತದೆ. ಮೊದಲ ಸಲ ನಾನು ತೆಗೆದಾಗ ಅದು ಜಾಲರಿ ಅಂತಲೇ ಗೊತ್ತಾಗಲಿಲ್ಲ, ಕಂದು ಬಣ್ಣದ ಲೋಳೆ, ಮರಳು, ತುಕ್ಕಿನ ಚೂರು ಎಲ್ಲ ಸೇರಿ ಬಿಲ್ಲೆಯಂತಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಿಂದಿನಿಂದ ಮುಂದಕ್ಕೆ ಉಜ್ಜಿ. ನೀರು ಗಡುಸಾಗಿದ್ದು ಬಿಳಿ ಪದರ ಕಟ್ಟಿದ್ದರೆ ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿ. ನಲ್ಲಿಯ ಕಡೆಯ ತುದಿಯಲ್ಲೂ ಕೆಲವು ಪೈಪುಗಳಿಗೆ ಇನ್ನೊಂದು ಜಾಲರಿ ಇರುತ್ತದೆ, ಅದನ್ನೂ ನೋಡಿ. ಜೋಡಿಸುವಾಗ ರಬ್ಬರ್ ವಾಷರ್ ಮರೆಯಬೇಡಿ, ಮರೆತರೆ ಆಮೇಲೆ ನೆಲ ಒರೆಸುವ ಕೆಲಸ.

ಪೈಪು ಬಿಚ್ಚಿರುವಾಗಲೇ ಅದರ ತುದಿಯನ್ನು ಬಕೆಟ್ಟಿಗೆ ಬಿಟ್ಟು ನಲ್ಲಿ ತಿರುಗಿಸಿ ನೋಡಿ. ಸಣ್ಣ ಧಾರೆ ಬರುತ್ತಿದ್ದರೆ ಜಾಲರಿ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಒತ್ತಡವೇ ಸಾಲದು. ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು 1 ಬಾರ್ ಒತ್ತಡ. ಟ್ಯಾಂಕು ತಲೆಯ ಮೇಲೆ ಒಂದೆರಡು ಮೀಟರ್ ಎತ್ತರದಲ್ಲೇ ಇದ್ದರೆ ಕೆಲವು ಮೆಷಿನ್‌ಗಳಲ್ಲಿ ನೀರು ಒಳಬಿಡುವ ವಾಲ್ವಿಗೆ ಅದು ಸಾಕಾಗುವುದಿಲ್ಲ. ಇನ್ನೊಂದು ತಮಾಷೆಯ ಕಾರಣವೂ ಇದೆ. ಮೆಷಿನ್ನಿಗೆ ತಣ್ಣೀರು, ಬಿಸಿನೀರು ಅಂತ ಎರಡು ಬಾಯಿ ಇದ್ದು, ನೀವು ತಣ್ಣೀರಿನದ್ದೊಂದನ್ನೇ ಜೋಡಿಸಿ, ಪ್ರೋಗ್ರಾಂನಲ್ಲಿ ಬಿಸಿನೀರು ಅಂತ ಇಟ್ಟರೆ ಅದು ಬಾರದ ನೀರಿಗಾಗಿ ಕಾಯುತ್ತಲೇ ಇರುತ್ತದೆ.

ನೀರು ಬರುತ್ತಿದೆ, ಎಷ್ಟು ಹೊತ್ತಾದರೂ ಒಗೆತ ಶುರುವಾಗುತ್ತಿಲ್ಲ ಅಂದರೆ ಹೊರಹೋಗುವ ಪೈಪಿನ ತುದಿ ನೋಡಿ. ಅಲ್ಲಿ ನೀರು ಸುರಿಯುತ್ತಿದೆಯಾ? ಪಂಪ್ ಇರುವ ಮೆಷಿನ್‌ಗಳಲ್ಲಿ ಈ ಪೈಪು ನೆಲದಿಂದ ಸಾಕಷ್ಟು ಎತ್ತರಕ್ಕೆ ಹೋಗಿ ಇಳಿಯಬೇಕು. ನೆಲದ ಮೇಲೆ ಬಿದ್ದಿದ್ದರೆ ಒಂದು ಕಡೆ ತುಂಬುತ್ತದೆ, ಇನ್ನೊಂದು ಕಡೆ ಖಾಲಿಯಾಗುತ್ತದೆ. ಪಂಪ್ ಇಲ್ಲದೆ ನೀರು ತಾನಾಗಿ ಇಳಿದುಹೋಗುವ ಮೆಷಿನ್‌ಗಳಲ್ಲಿ ಪೈಪು ನೆಲದ ಮೇಲೇ ಇರಬೇಕು, ಅಲ್ಲಿ ಸೋರಿದರೆ ಒಳಗಿನ ವಾಲ್ವಿನಲ್ಲಿ ನಾಣ್ಯವೋ ದಾರದ ಉಂಡೆಯೋ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚುತ್ತಿಲ್ಲ.

ನೀರು ತುಂಬಿ ನಿಂತಿದೆ, ಮೋಟಾರು ಗುಂಯ್ ಅನ್ನುತ್ತಿದೆ, ತಟ್ಟೆ ತಿರುಗುತ್ತಿಲ್ಲ. ಮೊದಲು ಪ್ಲಗ್ ತೆಗೆದು ತಟ್ಟೆಯನ್ನು ಕೈಯಿಂದ ತಿರುಗಿಸಿ ನೋಡಿ. ಅಲ್ಲಾಡದಿದ್ದರೆ ಕೆಳಗೆ ಬಟನ್ನೋ ಪಿನ್ನೋ ಕಾಲುಚೀಲವೋ ಸಿಕ್ಕಿಕೊಂಡಿದೆ. ಸರಾಗವಾಗಿ ತಿರುಗಿದರೆ ಮೋಟಾರು ಶುರುವಾಗಲು ಬಲ ಕೊಡುವ ಕೆಪಾಸಿಟರ್ ಬಲಹೀನವಾಗಿರಬಹುದು ಅಥವಾ ಬೆಲ್ಟ್ ಜಾರಿರಬಹುದು. ಇಲ್ಲಿಗೆ ನಾನಾದರೆ ಕೈ ಬಿಡುತ್ತೇನೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ಒಳಗೆ ಕರೆಂಟ್ ಉಳಿದಿರುತ್ತದೆ, ಹೊಡೆದರೆ ಚೆನ್ನಾಗಿಯೇ ಹೊಡೆಯುತ್ತದೆ. ಸತತ ಮೂರ್ನಾಲ್ಕು ಸಲ ಓಡಿಸಿದ ಮೇಲೆ ನಿಂತಿದ್ದರೆ ಮಾತ್ರ ಒಂದು ಗಂಟೆ ಆರಲು ಬಿಡಿ, ಮೋಟಾರು ಬಿಸಿಯಾಗಿ ತಾನೇ ನಿಂತಿರಬಹುದು.

ಇನ್ನೂ ಏನೂ ಗೊತ್ತಾಗದಿದ್ದರೆ ಹತ್ತು ನಿಮಿಷ ಪ್ಲಗ್ ತೆಗೆದಿಟ್ಟು ಮತ್ತೆ ಹಾಕಿ, ಸಿಕ್ಕಿಕೊಂಡಿದ್ದ ಪ್ರೋಗ್ರಾಂ ಎಷ್ಟೋ ಸಲ ಅಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ರಿಪೇರಿಯವರಿಗೆ ಫೋನ್ ಮಾಡಿ, ಆದರೆ "ಮೆಷಿನ್ ಹಾಳಾಗಿದೆ" ಅನ್ನಬೇಡಿ. "ದೀಪ ಹತ್ತುತ್ತದೆ, ತಟ್ಟೆ ನಾಲ್ಕು ಸಲ ತಿರುಗುತ್ತದೆ, ನೀರು ಬರುವುದಿಲ್ಲ, ಜಾಲರಿ ತೊಳೆದಿದ್ದೇನೆ, ನಲ್ಲಿಯಲ್ಲಿ ನೀರು ಜೋರಾಗಿದೆ" ಅಂತ ಹೇಳಿ ನೋಡಿ. ಅವರು ವಾಲ್ವ್ ಜೊತೆಗೆ ಇಟ್ಟುಕೊಂಡೇ ಬರುತ್ತಾರೆ, ಬೋರ್ಡಿನ ಮಾತು ಎತ್ತುವುದಕ್ಕೂ ಮೊದಲು ಒಮ್ಮೆ ಯೋಚಿಸುತ್ತಾರೆ. ಅಷ್ಟರಲ್ಲಿ ಒಳಗಿರುವ ಒದ್ದೆ ಬಟ್ಟೆ ತೆಗೆದುಬಿಡಿ. ರಾತ್ರಿಯಿಡೀ ಸೋಪಿನ ನೀರಲ್ಲಿ ಬಿಟ್ಟರೆ ಬಣ್ಣವೂ ಹೋಗುತ್ತದೆ, ವಾಸನೆಯೂ ಹಿಡಿಯುತ್ತದೆ, ಮೆಷಿನ್ ಸರಿಹೋದ ಮೇಲೆ ಎರಡು ಸಲ ಒಗೆಯಬೇಕಾಗುತ್ತದೆ.