ಕ್ರಿಯಾಪದ ಬರುವ ಮೊದಲೇ ಬೌಂಡರಿ

ನಮ್ಮೂರು ತೀರ್ಥಹಳ್ಳಿ ಹತ್ತಿರ. ರಾಜ್ಯ ತಂಡಗಳ ರಣಜಿ ಕ್ರಿಕೆಟ್ ಪಂದ್ಯಗಳು ನಡೆಯುವ ಚಳಿಗಾಲದಲ್ಲೇ ನಮ್ಮಲ್ಲಿ ಅಡಿಕೆ ಸುಲಿಯುವ ಕೆಲಸ. ಕಂಬಕ್ಕೆ ರೇಡಿಯೊ ನೇತುಹಾಕಿ, ಮೆಟ್ಟುಗತ್ತಿ ಮುಂದೆ ಕೂತು ಎಲ್ಲರೂ ಕಾಮೆಂಟರಿ ಕೇಳುತ್ತಿದ್ದರು. ಕಣ್ಣು, ಕೈ ಎರಡೂ ಕತ್ತಿಯ ಮೇಲೆ. ಕಿವಿ ಮಾತ್ರ ಆಟದ ಕಡೆ. 1974ರ ರಣಜಿ ಸೆಮಿಫೈನಲ್‌ನಲ್ಲಿ ನಮ್ಮ ಕರ್ನಾಟಕದ ಪ್ರಸನ್ನ ಅವರು ಬಾಂಬೆಯ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ್ದನ್ನು ನಮ್ಮ ದೊಡ್ಡಪ್ಪ ಎದುರಿಗೇ ನಿಂತು ನೋಡಿದವರ ಹಾಗೆ ಹೇಳುತ್ತಿದ್ದರು. ಅವರು ನೋಡಿರಲಿಲ್ಲ. ಕೇಳಿದ್ದರು ಅಷ್ಟೆ.

ಮುಂದೆ ಆಕಾಶವಾಣಿಯಲ್ಲಿ ಕನ್ನಡ ಕಾಮೆಂಟರಿ ಹೇಳುವ ಅವಕಾಶ ನನಗೇ ಸಿಕ್ಕಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಸಲ ಮೈಕ್ ಮುಂದೆ ಕೂತಾಗ ಪುಸ್ತಕದ ಕನ್ನಡವೇ ಬಾಯಿಗೆ ಬಂತು. "ಈ ಎಸೆತವನ್ನು ಬ್ಯಾಟ್ಸ್‌ಮನ್ ಬಹಳ ಸೊಗಸಾಗಿ ಕವರ್ಸ್ ದಿಕ್ಕಿಗೆ..." ಅಷ್ಟರಲ್ಲಿ ಜನ ಚಪ್ಪಾಳೆ ತಟ್ಟಿ ಮುಗಿಸಿದ್ದರು. ನಾನು "ಹೊಡೆದರು" ಅನ್ನುವಾಗ ಚೆಂಡು ವಾಪಸ್ ಬರುತ್ತಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ವಾ? ಮನೆ ಮಾತಿಗೆ ಅದು ಚೆಂದ. ಓಡುವ ಚೆಂಡಿಗೆ ಅಷ್ಟು ತಾಳ್ಮೆ ಇಲ್ಲ.

ಒಂದು ಟೇಪ್ ರೆಕಾರ್ಡರ್ ಹಿಡಿದು ಲೀಗ್ ಪಂದ್ಯಗಳಿಗೆ ಹೋದೆ. ಮರದ ಕೆಳಗೆ ಒಬ್ಬನೇ ಕೂತು ಮಾತಾಡುತ್ತಿದ್ದೆ. ರಾತ್ರಿ ಅದನ್ನೇ ಕೇಳುತ್ತಿದ್ದೆ. ವಾಕ್ಯವನ್ನು ಒಡೆಯಬೇಕು ಅಂತ ಗೊತ್ತಾಗಿದ್ದು ಹಾಗೆ. "ಕವರ್ಸ್ ಕಡೆ. ಗ್ಯಾಪ್ ಇದೆ. ಹಿಂದೆ ಫೀಲ್ಡರ್... ಇಲ್ಲ, ಬೌಂಡರಿ!" ಚೆಂಡು ಎಲ್ಲಿಗೆ ಹೋಯಿತು ಅನ್ನುವುದು ಮೊದಲು. ಮುಂಗಾಲು ಹೇಗಿಟ್ಟರು, ಬ್ಯಾಟ್ ಹೇಗೆ ಬಂತು ಎಂಬುದೆಲ್ಲ ಬೌಲರ್ ರನ್‌ಅಪ್‌ಗೆ ವಾಪಸ್ ನಡೆಯುವಾಗ. ದೂರದಿಂದ ಓಡಿ ಬರುವ ವೇಗಿ ಶ್ರೀನಾಥ್ ಬೌಲಿಂಗ್ ಇದ್ದರೆ ಅದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ನಾಲ್ಕು ಹೆಜ್ಜೆಯ ಸ್ಪಿನ್ನರ್ ಸುನಿಲ್ ಜೋಶಿ ಬಂದರೆ ಮಾತು ಅರ್ಧಕ್ಕೆ ಇಳಿಸಬೇಕು.

ಪತ್ರಿಕೆಗಳಲ್ಲಿ ವಿಕೆಟ್‌ಗೆ 'ಹುದ್ದರಿ' ಅಂತ ಬರೆಯುತ್ತಿದ್ದರು. ಓದಲು ಚೆನ್ನಾಗಿತ್ತು. ನಾನು ಮಾತ್ರ ವಿಕೆಟ್ ಅಂತಲೇ ಹೇಳಿದೆ, ಅಡಿಕೆ ಸುಲಿಯುವವರೂ ಹಾಗೇ ಹೇಳುತ್ತಿದ್ದರಲ್ಲ.

ಒಂದು ತಪ್ಪು ಇವತ್ತಿಗೂ ಚುಚ್ಚುತ್ತದೆ. ಎತ್ತರಕ್ಕೆ ಹೋದ ಚೆಂಡು ನೋಡಿ "ಔಟ್" ಅಂದುಬಿಟ್ಟೆ. ಕ್ಯಾಚ್ ಕೈಜಾರಿತು. ಎಲ್ಲೋ ಒಂದು ಮನೆಯಲ್ಲಿ ಯಾರೋ ಆ ವಿಕೆಟ್ ನಂಬಿ ರೇಡಿಯೊ ಆಫ್ ಮಾಡಿ ಎದ್ದುಹೋಗಿರಬಹುದು. ಅಲ್ಲಿಂದ ಮುಂದೆ ಚೆಂಡು ಕೈ ಸೇರುವವರೆಗೂ ಆ ಪದ ನನ್ನ ಬಾಯಿಂದ ಬಂದಿಲ್ಲ. ಸ್ಕೋರ್ ಮಾತ್ರ ಜಾಸ್ತಿ ಸಲ ಹೇಳುತ್ತಿದ್ದೆ. ಆಗಷ್ಟೇ ರೇಡಿಯೊ ಹಾಕಿದವರು "ಎಷ್ಟಾಯ್ತು ಮಾರಾಯ?" ಅಂತ ಪಕ್ಕದವರನ್ನು ಕೇಳುವ ಹಾಗಾಗಬಾರದು.

2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನಕ್ಕೆ ಸುಮ್ನೆ ಪ್ರೇಕ್ಷಕನಾಗಿ ಹೋಗಿದ್ದೆ. ಮುಂಬೈ ವಿರುದ್ಧ ರಣಜಿ ಫೈನಲ್. ನಮ್ಮ ಕರ್ನಾಟಕ ಗೆಲ್ಲಲು 338 ರನ್ ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೊರಗಡೆ ಮರದ ಮೇಲೆ ಒಬ್ಬ ಹುಡುಗ ಕೂತಿದ್ದ. ಕೆಳಗೆ ಏನೂ ಕಾಣದೆ ನಿಂತ ಹತ್ತಿಪ್ಪತ್ತು ಜನರಿಗೆ ಅವನದೇ ಕಾಮೆಂಟರಿ. "ಲೆಗ್ ಸೈಡು! ಒಂದು! ಎರಡಕ್ಕೆ ಓಡ್ತಾವ್ರೆ!" ನಾನು ವರ್ಷಗಟ್ಟಲೆ ಕಲಿತದ್ದು ಅವನ ಬಾಯಲ್ಲಿ ತಾನಾಗಿ ಬರುತ್ತಿತ್ತು. ಕೊನೆಗೆ ಸ್ವಲ್ಪ ಹೊತ್ತು ನಾನು ಮೈದಾನದ ಕಡೆ ನೋಡಲೇ ಇಲ್ಲ, ಅವನನ್ನೇ ಕೇಳುತ್ತ ನಿಂತೆ.

ಆರು ರನ್ನಿಂದ ಸೋತೆವು. ಕೊನೆಯ ವಿಕೆಟ್ ಬಿದ್ದಾಗ ಹುಡುಗ ಏನೂ ಹೇಳಲಿಲ್ಲ. ಕೆಳಗಿದ್ದವರು ಯಾರೂ ಕೇಳಲೂ ಇಲ್ಲ.